ಸಾವಿರ ಎಲೆಯ ಕೊಪ್ಪರಿಗೆ

“ಮೇಷ್ಟ್ರೇ, ಕಂಪ್ಯೂಟರ್ ಮಾಡಿಸಲೋ, ಬೇಡವೋ?”

ಮೇಷ್ಟ್ರ ಮನೆ ಬಾಗಿಲಲ್ಲಿ ಓಬಳೇಶ ಚಪ್ಪಲಿ ಬಿಡುವ ಮೊದಲೇ ಕೇಳಿದ.

ಹಾಲಪ್ಪ ಮೇಷ್ಟ್ರು ಚಳ್ಳಕೆರೆಯಲ್ಲಿ ಬಹಳ ಕಾಲ ಟೈಪಿಂಗ್ ಕಲಿಸಿದವರು. ಓಬಳೇಶ ಅವರ ಶಿಷ್ಯ. ತಾಲ್ಲೂಕು ಆಫೀಸಿನ ಎದುರು ತಗಡಿನ ಮಾಡಿನ ಕೆಳಗೆ ಅವನದೊಂದು ಅಂಗಡಿ. ಬಂದವರಿಗೆ ಜೆರಾಕ್ಸ್ ತೆಗೆದುಕೊಡುತ್ತಾನೆ, ಅರ್ಜಿ ಟೈಪ್ ಮಾಡಿಕೊಡುತ್ತಾನೆ, ಲಗ್ನಪತ್ರಿಕೆ ಮಾಡಿಕೊಡುತ್ತಾನೆ. ಅವನ ಕಂಪ್ಯೂಟರಿಗೆ ವಯಸ್ಸಾಗಿತ್ತು. ಒತ್ತಕ್ಷರ ಬಂದಲ್ಲೆಲ್ಲ ನಿಂತು ಯೋಚನೆ ಮಾಡುತ್ತಿತ್ತು. ‘ಲಕ್ಷ್ಮೀ’ ಅಂತ ಟೈಪ್ ಮಾಡಿ, ಹೋಗಿ ಟೀ ಕುಡಿದು ಬಂದರೂ ‘ಲ’ ಹತ್ತಿರವೇ ನಿಂತಿರುತ್ತಿತ್ತು.

“ದಾವಣಗೆರೇಲಿ ಒಂದು ಅಂಗಡಿ ಇದೆ ಮೇಷ್ಟ್ರೇ. ಅಲ್ಲಿ ರೆಡಿ ಇರೋದು ಮಾರಲ್ಲ. ನಮಗೆ ಏನು ಬೇಕು ಅಂತ ಕೇಳಿ, ಒಂದೊಂದು ಪಾರ್ಟೂ ಆರಿಸಿ ಜೋಡಿಸಿ ಕೊಡ್ತಾರೆ. ನಂದೂ ಆರಿಸಿಟ್ಟಿದಾರೆ. ಇವತ್ತು ಸಂಜೆ ಒಳಗೆ ಹೂಂ ಅನ್ಬೇಕು. ಹೂಂ ಅಂದ್ರೆ ದುಡ್ಡು ಹೊಂದಿಸೋಕೆ ಜೆರಾಕ್ಸ್ ಮಷೀನ್ ಮಾರ್ಬೇಕು.”

“ಜೆರಾಕ್ಸಿಗೆ ಬಂದೋರೇ ಅಲ್ವೇನೋ ನಿನ್ನ ಹತ್ರ ಅರ್ಜಿ ಬರೆಸೋದು?”

“ಅದೇ ಭಯ. ಇದೇನಾದ್ರೂ ಕೈಕೊಟ್ರೆ ಅಂಗಡಿ ಬಾಗಿಲು ಹಾಕ್ಕೊಂಡು ಮನೇಲಿ ಕೂರ್ಬೇಕು.”

“ಎಂಥಾ ಕಂಪ್ಯೂಟರು?”

ಓಬಳೇಶನ ಮುಖ ಬೆಳಗಿತು. “ಪಕ್ಕದಲ್ಲಿ ಗಾಜು. ಒಳಗೆಲ್ಲ ಬಣ್ಣದ ದೀಪ. ಬಿಸಿ ಆಗ್ಬಾರ್ದು ಅಂತ ಪೈಪಲ್ಲಿ ನೀರು ಓಡಾಡ್ತಾ ಇರುತ್ತೆ. ಸಿನಿಮಾದ ಗ್ರಾಫಿಕ್ಸು ಕೂಡ ಮಾಡಬಹುದಂತೆ.”

“ನೀರು ಅಂದ್ರೆ ಮುನಿಸಿಪಾಲಿಟಿ ನೀರು ನಡಿಯುತ್ತಾ? ನಲ್ಲಿ ಬಿಡದ ದಿನ ಏನ್ಮಾಡ್ತೀಯ?”

“ತಮಾಷೆ ಬೇಡ ಮೇಷ್ಟ್ರೇ. ನಾನು ಇವತ್ತು ಗಟ್ಟಿ ಮನಸ್ಸು ಮಾಡ್ಕೊಂಡು ಬಂದಿದೀನಿ. ಉತ್ತರ ಇಲ್ದೆ ಎದ್ದು ಹೋಗಲ್ಲ. ಮಾಡಿಸು ಅನ್ನಿ, ಇಲ್ಲ ಬೇಡ ಅನ್ನಿ. ಕತೆ ಮಾತ್ರ ಹೇಳ್ಬೇಡಿ.”

“ಕತೆ ಯಾರು ಹೇಳ್ತಾರೆ? ನಾನು ನಡೆದದ್ದು ಮಾತ್ರ ಹೇಳೋನು” ಅಂದರು ಮೇಷ್ಟ್ರು. ಶುರು ಮಾಡಿಯೇಬಿಟ್ಟರು.

ಒಬ್ಬ ಅಡುಗೆಯವನಿದ್ದ. ನಾಮಕರಣ, ಸೀಮಂತ, ಗೃಹಪ್ರವೇಶ, ಇಂಥ ಸಣ್ಣ ಊಟಕ್ಕೆ ಹೋಗೋನು. ನಲವತ್ತು ಎಲೆ ಅವನ ಲೆಕ್ಕ. ಅದಕ್ಕಿಂತ ಹೆಚ್ಚು ಜನರನ್ನ ಅವನು ಒಟ್ಟಿಗೆ ನೋಡಿದ್ದೇ ಕಮ್ಮಿ. ಆದರೆ ಸಾರು ಮಾಡಿದ ಅಂದ್ರೆ ಅದು ಸಾರು. ಒಗ್ಗರಣೆ ವಾಸನೆಗೆ ಪಕ್ಕದೂರಿನ ಹಸುಗಳು ಹಗ್ಗ ಕಿತ್ಕೊಂಡು ಬರ್ತಿದ್ವು.

“ಹಸು ಸಾರು ಕುಡಿಯುತ್ತಾ ಮೇಷ್ಟ್ರೇ?”

“ಬರ್ತಿದ್ವು ಅಂದೆ. ಕುಡೀತಿದ್ವು ಅಂದ್ನಾ?”

ಒಂದು ದಿನ ಅವನ ಪಾತ್ರೆ ತಳ ತೂತಾಯ್ತು. ಹೆಂಡ್ತಿ ಹೇಳಿದಳು, ಸಂತೇಲಿ ಒಳ್ಳೆ ಪಾತ್ರೆ ಬಂದಿದಾವೆ, ಒಂದು ತಗೊಂಡು ಬನ್ನಿ ಅಂತ. ಅವನು ಒಪ್ಪಲಿಲ್ಲ. “ಸಂತೆ ಪಾತ್ರೆ ಎಲ್ಲರಿಗೂ ಆಗುತ್ತೆ, ಯಾರಿಗೂ ಸರಿಯಾಗಿ ಆಗಲ್ಲ. ನಾನು ಕಂಚುಗಾರನ ಹತ್ರ ಮಾಡಿಸ್ತೀನಿ” ಅಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಆ ಕಂಚುಗಾರ ದೊಡ್ಡ ಹೆಸರಿನವನು. ಅವನಂಗಡೀಲಿ ಮಾಡಿಟ್ಟ ಪಾತ್ರೆ ಒಂದೂ ಇರ್ತಿರಲಿಲ್ಲ. ಒಂದು ಸುತ್ತಿಗೆ, ಒಂದು ಕುಲುಮೆ, ಗಿರಾಕಿಗಳು ಕೂರೋಕೆ ಒಂದು ಬೆಂಚು. ಹಳೆ ತಾಮ್ರ ತಂದು ಹಾಕಿದ್ರೆ ಬೇಕಾದ ಪಾತ್ರೆ ಮಾಡಿ, ಒಳಗೆ ಕಲಾಯಿ ಹಾಕಿ ಕೊಡೋನು. ಬಂದವರಿಗೆಲ್ಲ ಅವನದು ಒಂದೇ ಪ್ರಶ್ನೆ. ಎಷ್ಟು ಎಲೆ?

ಬೆಂಚಿನ ಮೇಲೆ ಅವತ್ತು ದೊಡ್ಡ ದೊಡ್ಡ ಅಡುಗೆಯವರೇ ಕೂತಿದ್ರು. ಒಬ್ಬ ಮಠದವನು, ಒಬ್ಬ ಅರಮನೆಯವನು. ಮಠದವನು ಮೂರು ಸಾವಿರ ಎಲೆ ಅಂದ. ಅರಮನೆಯವನು ಮೀಸೆ ತಿರುವಿ ಎರಡು ಸಾವಿರ ಅಂದ, ಅದರ ಮೇಲೆ ಮಂತ್ರಿಗಳು ಬೇರೆ ಅಂದ. ಮಂತ್ರಿಗಳು ಎಲೆಗೆ ಎರಡು ಸಲ ಕೂರ್ತಾರಂತೆ.

ಈಗ ನಮ್ಮವನ ಸರದಿ. ಕಂಚುಗಾರ ಕೇಳಿದ, “ಎಷ್ಟು ಎಲೆ?”

ನಲವತ್ತು ಅನ್ನೋಕೆ ಬಾಯಿ ತೆರೆದ. ಬೆಂಚು ಅವನ ಕಡೆ ತಿರುಗಿತು. ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು, ಒಳಗಿಂದ ಬಂದದ್ದು ಬೇರೆ. “ಸಾವಿರ” ಅಂದ.

“ಯಾಕೆ ಹಂಗಂದ?” ಓಬಳೇಶ ಕೇಳಿದ.

“ಅವನಿಗೂ ಗೊತ್ತಾಗಲಿಲ್ಲ. ಹೇಳಿ ಆದ್ಮೇಲೆ ಇನ್ನೂ ಸ್ವಲ್ಪ ಜಾಸ್ತಿ ಹೇಳಬಹುದಿತ್ತು ಅನ್ನಿಸ್ತಂತೆ.”

ಸಾವಿರ ಎಲೆ ಕೊಪ್ಪರಿಗೆಗೆ ತಾಮ್ರ ಸಾಲ್ಬೇಕಲ್ಲ. ಮನೇಲಿದ್ದ ಹಂಡೆ, ತಪ್ಪಲೆ, ಬೋಗುಣಿ, ಕೊನೆಗೆ ನೀರು ಕುಡಿಯೋ ಚೊಂಬು, ಎಲ್ಲಾ ಹೊತ್ಕೊಂಡು ಹೋಗಿ ಕುಲುಮೆಗೆ ಹಾಕಿಸಿದ. ಕಂಚುಗಾರ ಬಡಿಯೋಕೆ ಶುರು ಮಾಡಿದ. ಏನು ಸದ್ದು ಅಂತೀಯ. ಆ ಕಾಲಕ್ಕೆ ಆ ಬೀದೀಲಿ ಹುಟ್ಟಿದ ಮಕ್ಕಳು ಮುದುಕರಾದರೂ ಜೋರಾಗೇ ಮಾತಾಡೋರು. ಮೆತ್ತಗೆ ಮಾತಾಡಿದ್ರೆ ಅವರಿಗೆ ನಿದ್ದೆ ಬರ್ತಿತ್ತು.

ಕೊಪ್ಪರಿಗೆ ಗಾಡಿ ಮೇಲೆ ಮನೆಗೆ ಬಂತು. ಅದು ಮನೆ ಒಳಗೆ ಹೋಗಲಿಲ್ಲ. ಮನೆಯೇ ಅದರ ಒಳಗೆ ಹೋಗೋ ಹಾಗಿತ್ತು. ಅಂಗಳದಲ್ಲಿ ಇಳಿಸಿದ್ರು. ಅಂಚಿಗೆ ಏಣಿ ಹಾಕಿ ಹತ್ತಿ ನೋಡ್ಬೇಕಿತ್ತು. ಒಳಗೆ ಸೌಟು ಬಿದ್ರೆ ಕೆಳಗೆ ತಲುಪಿ ಸದ್ದಾಗೋ ಹೊತ್ತಿಗೆ ಬೀಳಿಸಿದವನು ಮರೆತು ಬೇರೆ ಕೆಲಸಕ್ಕೆ ಹೋಗಿರ್ತಿದ್ದ.

ಊರೆಲ್ಲ ನೋಡೋಕೆ ಬಂತು. ಅವನು ಅಂಚಿನ ಮೇಲೆ ಕೈಯಿಟ್ಕೊಂಡು ನಿಂತ. ಜೀವಮಾನದಲ್ಲಿ ಅಷ್ಟು ಜನ ಅವನನ್ನ ನೋಡಿರಲಿಲ್ಲ.

ಮೊದಲನೇ ಊಟ ಒಬ್ಬ ನೇಕಾರನ ಮನೇದು. ಮಗಳಿಗೆ ಸೀಮಂತ, ನಲವತ್ತು ಎಲೆ. ಬೇರೆ ಪಾತ್ರೆ ಇಲ್ಲ, ಅದರಲ್ಲೇ ಮಾಡಬೇಕು. ಕೊಪ್ಪರಿಗೆ ಕೆಳಗೆ ಉರಿ ಹಾಕಿದ. ಬೇಳೆ ಸುರಿದ, ನೀರು ಹೊಯ್ದ. ತಳ ಒದ್ದೆ ಆಯ್ತು ಅಷ್ಟೇ. ನಲವತ್ತು ಎಲೆ ಸಾರು ಆ ತಳದಲ್ಲಿ ಅಂಗಳ ಸಾರಿಸಿದ ಹಾಗೆ ಹರಡ್ಕೊಂಡಿತ್ತು. ಈ ಮೂಲೇಲಿ ಸೀದು ಹೋಗ್ತಿತ್ತು, ಆ ಮೂಲೇಲಿ ಬೇಳೆ ಹಸಿ. ಅವನು ಸೌಟು ಹಿಡ್ಕೊಂಡು ದೋಣೀಲಿ ಕೂತು ಈ ದಡದಿಂದ ಆ ದಡಕ್ಕೆ ಓಡಾಡಿದ.

“ತಳ ಒದ್ದೆ ಅಷ್ಟೇ ಅಂದ್ರಿ. ದೋಣಿ ಹೆಂಗೆ ಹೋಯ್ತು ಮೇಷ್ಟ್ರೇ?”

“ಎಳ್ಕೊಂಡು ಹೋದ. ನೀನು ನಡುವೆ ಬಾಯಿ ಹಾಕಿದ್ರೆ ಆ ಕೊಪ್ಪರಿಗೆ ಇನ್ನೂ ದೊಡ್ಡದಾಗುತ್ತೆ, ನೋಡು.”

ಓಬಳೇಶ ನಗುತ್ತ ಕೈ ಮುಗಿದ.

ಸೀದ ಸಾರು ಬಡಿಸಿದ್ರು. ನೆಂಟರು ಹೇಗೋ ನುಂಗಿದ್ರು. ಬಸುರಿ ಹುಡುಗಿ ಮಾತ್ರ ಎಲೆ ಮಡಚಿ ಎದ್ದಳು. ಹೊಟ್ಟೆ ತುಂಬಾ ಉಣ್ಣಲಿ ಅಂತಲೇ ಮಾಡಿದ ಊಟದಲ್ಲಿ ಆ ಹುಡುಗಿ ಉಪವಾಸ ಎದ್ದದ್ದು ಅಡುಗೆಯವನ ಕಣ್ಣಿಗೆ ಬಿತ್ತು.

ಆಮೇಲೆ ಯಾರೂ ಕರೀಲಿಲ್ಲ. ಸೀದದ್ದಕ್ಕೆ ಅಂತ ತಿಳ್ಕೋಬೇಡ. ಒಂದು ಸಲ ಸೀದ್ರೆ ಜನ ಮರೀತಾರೆ. ಕೊಪ್ಪರಿಗೆ ನೋಡಿದ್ರಲ್ಲ, ಅದಕ್ಕೆ. “ಸಾವಿರ ಎಲೆಯವನು, ನಮ್ಮಂಥವರ ನಾಮಕರಣಕ್ಕೆ ಬರ್ತಾನಾ” ಅಂತ ಸಣ್ಣೋರು ಹಿಂಜರಿದ್ರು. ಸಾವಿರ ಎಲೆ ಹಾಕ್ಸೋ ದೊಡ್ಡೋರಿಗೆ ಇವನು ಯಾರು ಅಂತಲೇ ಗೊತ್ತಿಲ್ಲ.

ಅವನು ಸೋಲು ಒಪ್ಪೋ ಜಾತಿ ಅಲ್ಲ. “ಕೊಪ್ಪರಿಗೆ ಸರಿಯಾಗೇ ಇದೆ. ಜನ ಕಮ್ಮಿ ಇದಾರೆ ಅಷ್ಟೇ” ಅಂದ. ಸಾವಿರ ಬಾಯಿ ಹುಡುಕ್ಕೊಂಡು ಊರೂರು ತಿರುಗಿದ. ಮದುವೆ ಮನೆ ಕಂಡ್ರೆ ಒಳಗೆ ನುಗ್ಗಿ, “ನಿಮ್ಮ ಬೀಗರ ಕಡೆ ನೆಂಟರು ಜಾಸ್ತಿನಾ” ಅಂತ ಕೇಳೋನು. ಕಮ್ಮಿ ಅಂದ್ರೆ, “ಈ ಸಂಬಂಧ ಬಿಡಿ, ಬೇರೆ ನೋಡಿ” ಅನ್ನೋನು. ಎರಡು ಕಡೆ ಒದೆ ಬಿತ್ತು.

ಒಂದು ಸಂಜೆ ಮನೆಗೆ ಬಂದ. ಹೆಂಡ್ತಿ ಪಕ್ಕದ ಮನೆಯಿಂದ ಒಂದು ಮಡಕೆ ಇಸ್ಕೊಂಡು ಅಂಬಲಿ ಕಾಯಿಸ್ತಿದ್ದಳು.

“ಇದ್ಯಾರ ಮಡಕೆ?” ಅಂದ.

“ಪಕ್ಕದ ಮನೇದು. ಬೇಗ ಕುಡೀರಿ, ತೊಳೆದು ವಾಪಸ್ ಕೊಡ್ಬೇಕು. ಅವರೂ ಅನ್ನ ಮಾಡ್ಕೋಬೇಕಲ್ಲ.”

“ನನ್ನ ಮನೇಲಿ ಪಾತ್ರೆಗೆ ಬರವಾ?”

“ಬರ ಎಲ್ಲಿ ಬಂತು ಮಾರಾಯ್ರೇ. ಊರಿಗೇ ದೊಡ್ಡ ಪಾತ್ರೆ ನಮ್ಮನೇಲಿದೆ. ನಿಮ್ಮ ಸಾವಿರ ಜನ ಬರೋವರೆಗೆ ಅದಕ್ಕೆ ನೀರಾದ್ರೂ ತುಂಬಿಸಿ, ಮಕ್ಕಳು ಈಜು ಕಲೀಲಿ.”

ಅಡುಗೆಯವನ ಮನೇಲಿ ಅಂಬಲಿ ಕಾಯಿಸೋಕೆ ಪಾತ್ರೆ ಇಲ್ಲ. ಅವನು ಆ ಅಂಬಲಿ ಕುಡೀಲಿಲ್ಲ. ಎದ್ದ. ಟವಲ್ ತಲೆಗೆ ಸುತ್ತಿದ. ಕಂಚುಗಾರನನ್ನ ಹಿಡಿದು ಕೇಳಿಯೇಬಿಡ್ತೀನಿ ಅಂತ ಹೊರಟ.

ಬೆಂಚು ಅವತ್ತೂ ತುಂಬಿತ್ತು. ಮಠದವನು ಕಲಾಯಿ ಹಾಕಿಸೋಕೆ ಬಂದಿದ್ದ. ಅರಮನೆಯವನೂ ಇದ್ದ. ಇನ್ನೂ ಯಾರ್ಯಾರೋ.

“ನನ್ನ ಮನೆ ತೊಳೆದುಬಿಟ್ಟೆಯಲ್ಲೋ” ಅಂದ ನಮ್ಮವನು.

ಕಂಚುಗಾರ ಸುತ್ತಿಗೆ ಕೆಳಗಿಟ್ಟ. “ಕೊಪ್ಪರಿಗೆ ಸೋರ್ತಾ ಇದೆಯಾ?”

“ಇಲ್ಲ.”

“ಸಾವಿರ ಎಲೆ ಹಿಡಿಯಲ್ವಾ?”

“ಎರಡು ಸಾವಿರ ಹಿಡಿಯುತ್ತೆ. ಅದಲ್ಲ ಮಾತು. ನನ್ನ ಮುಖ ನೋಡಿದ್ರೆ ನಿಂಗೆ ಗೊತ್ತಾಗ್ತಿರಲಿಲ್ವಾ, ಇವನು ಸಾವಿರದವನಲ್ಲ ಅಂತ?”

“ಮುಖ ನೋಡಿ ಹೇಳೋಕೆ ನಾನೇನು ಕಣಿ ಹೇಳೋನಾ? ನಾನು ಕೇಳ್ತೀನಿ, ನೀವು ಹೇಳ್ತೀರ, ನಾನು ಬಡೀತೀನಿ. ಈಗ್ಲೂ ಕೆಟ್ಟಿಲ್ಲ. ಅದನ್ನೇ ಕತ್ತರಿಸಿ ಬೇರೆ ಮಾಡಿಕೊಡ್ತೀನಿ. ಎಷ್ಟು ಎಲೆ?”

ಬೆಂಚು ಮತ್ತೆ ತಿರುಗಿತು. ಅದೇ ಬೆಂಚು, ಅದೇ ಮೀಸೆ. ನಮ್ಮವನು ತಲೆ ಮೇಲಿನ ಟವಲ್ ಬಿಚ್ಚಿ ಹೆಗಲಿಗೆ ಹಾಕ್ಕೊಂಡ. ಕೊಪ್ಪರಿಗೆ ಹೊತ್ಕೊಂಡು ಬಾ ಅಂದಿದ್ರೆ ಹೊತ್ಕೊಂಡು ಬರ್ತಿದ್ದ, ಅದಕ್ಕಿಂತ ಭಾರ ಆ ಒಂದು ಮಾತು.

“ನಲವತ್ತು” ಅಂದ.

ಕಂಚುಗಾರ ಕಿವಿಗೆ ಕೈಯಿಟ್ಟ. ಹುಟ್ಟಿದಾಗಿಂದ ತಾಮ್ರ ಬಡಿದ ಕಿವಿ, ಸಣ್ಣ ಮಾತು ಅದಕ್ಕೆ ಬೀಳಲ್ಲ. “ನಾಲ್ಕು ಸಾವಿರವಾ?”

ಹೂಂ ಅಂದಿದ್ರೆ ಆಗ್ತಿತ್ತು. ಅರಮನೆಯವನು ಮೀಸೆ ಮೇಲಿಂದ ಕೈ ತೆಗೆದು ಕಾಯ್ತಾ ಕೂತಿದ್ದ. ನಮ್ಮವನಿಗೆ ಎಲೆ ಮಡಚಿ ಎದ್ದ ಆ ಬಸುರಿ ಹುಡುಗಿ ಕಣ್ಣ ಮುಂದೆ ಬಂದಳು. ಕಾಲು ಊರಿ ನಿಂತ. ಉಸಿರು ಎಳ್ಕೊಂಡ.

“ನಲವತ್ತು ಎಲೆ ಕಣಯ್ಯಾ. ನಾನು ನಲವತ್ತು ಎಲೆ ಅಡುಗೆಯವನು.”

ಆ ದನಿಗೆ ಬೀದಿಯ ಹಂಚು ಹಾರಿದ್ವು. ಮೂರೂರಿನ ಕೋಳಿಗಳು ಬೆಳಗಾಯ್ತು ಅಂತ ಕೂಗಿದ್ವು. ಬೆಂಚಿನ ಮೇಲಿದ್ದವರು ನಗ್ತಾರೆ ಅಂದ್ಕೊಂಡಿದ್ದ. ಯಾರೂ ನಗಲಿಲ್ಲ. ಅರಮನೆಯವನು ಬೆಂಚಿಂದ ಎದ್ದ. ಆಮೇಲೆ ಕಂಚುಗಾರನ ಕಿವಿ ಹತ್ರ ಬಗ್ಗಿ, “ನಂದೂ ಒಂದು ತಿದ್ದಬೇಕಿತ್ತು. ಅರಮನೆ ಅಂದ್ರೆ ಪೂರ್ತಿ ಅರಮನೆ ಅಲ್ಲ, ಕುದುರೆ ಲಾಯದವರಿಗೆ ಮಾತ್ರ. ಅರವತ್ತು ಎಲೆ” ಅಂದ. ಅವನು ಹೇಳಿದ್ದ ಮಂತ್ರಿಗಳೆಲ್ಲ ಕುದುರೆಗಳೇ ಅಂತೆ.

ಕಂಚುಗಾರ ಕೊಪ್ಪರಿಗೆ ಕತ್ತರಿಸಿದ. ನಲವತ್ತು ಎಲೆಗೆ ಒಂದು ಪಾತ್ರೆ ಮಾಡಿದ. ಹಂಡೆ, ತಪ್ಪಲೆ, ಬೋಗುಣಿ, ಚೊಂಬು ಎಲ್ಲಾ ವಾಪಸ್ ಆದ್ವು. ಉಳಿದ ತಾಮ್ರದಲ್ಲಿ ಊರಿನ ಮನೆಮನೆಗೂ ಒಂದೊಂದು ಬಿಂದಿಗೆ ಆಯ್ತು. ನೇಕಾರನ ಮೊಮ್ಮಗುವಿನ ನಾಮಕರಣಕ್ಕೆ ಇವನೇ ಕೇಳಿಕೊಂಡು ಹೋಗಿ ಸಾರು ಮಾಡಿದ. ಆ ಹುಡುಗಿ ಎರಡನೇ ಸಲ ಬಡಿಸ್ಕೊಂಡಳು. ಹಸುಗಳೂ ಬಂದಿದ್ವು.

ಮೇಷ್ಟ್ರು ಮಾತು ನಿಲ್ಲಿಸಿ ಕಾಲು ಚಾಚಿದರು.

ಓಬಳೇಶ ಕಾದ. ಇನ್ನೇನಾದರೂ ಹೇಳುತ್ತಾರೆ ಅಂತ ಕಾದ. ಅವರು ಹೇಳಲಿಲ್ಲ. ಅವನಿಗೆ ಸಿಟ್ಟು ಬಂತು.

“ಇದಕ್ಕೇ ಕತೆ ಬೇಡ ಅಂದಿದ್ದು ನಾನು. ನೀವು ಅವನು ಮೊದಲು ಮಾಡಿಸಿದ್ದು ತಪ್ಪು ಅಂದ್ರಿ, ಕೊನೆಗೆ ಅವನ ಕೈಲಿ ಮತ್ತೆ ಅಲ್ಲೇ ಮಾಡಿಸಿದ್ರಿ. ನಾನು ಏನಂತ ತಿಳ್ಕೊಳ್ಳಿ?”

“ತಪ್ಪು ಅಂತ ನಾನೆಲ್ಲಿ ಅಂದೆ?”

“ಹಂಗಾದ್ರೆ ದಾವಣಗೆರೆಗೆ ಹೂಂ ಅನ್ಲಾ?”

“ಅದೂ ಅನ್ಲಿಲ್ಲ.”

“ಮೇಷ್ಟ್ರೇ, ನಾನು ಹಠ ಹಿಡಿದು ಕೂತಿದೀನಿ. ನನ್ನ ಅಂಗಡಿ ಉಳೀಬೇಕು. ಅದಕ್ಕೆ ಒಂದೇ ಒಂದು ಕಂಪ್ಯೂಟರ್ ಬೇಕು. ರೆಡಿ ಸಿಗಲಿ, ಜೋಡಿಸಿದ್ದೇ ಆಗಲಿ, ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿರ್ಬೇಕು. ಅಷ್ಟೇ ನಾನು ಕೇಳ್ತಿರೋದು.”

ಮೇಷ್ಟ್ರು ಅವನ ಮುಖ ನೋಡಿದರು.

“ಮಾಡಿಸೋದು ಇರಲಿ ಓಬಳೇಶ, ಆ ಅಂಗಡೀಲಿ ನೀನು ಹೇಳಿದ್ದೇನು?”

“ಸಿನಿಮಾ ಗ್ರಾಫಿಕ್ಸು ಅಂದಿದ್ದೆ” ಅಂದು ಓಬಳೇಶ ದಾವಣಗೆರೆಗೆ ಫೋನ್ ಮಾಡಲು ಎದ್ದ.