ಮೂರು ಸಲ ವಾಪಸ್ ಬಂದ ಅರ್ಜಿ

ಹತ್ತಿರ ಬನ್ನಿ ಮಕ್ಕಳೇ, ಕಥೆ ಚಿಕ್ಕದು, ಗದ್ದಲ ದೊಡ್ಡದು. ಒಂದು ರಾಜ್ಯದಲ್ಲಿ ವಾಗೀಶಯ್ಯ ಅಂತ ಒಬ್ಬ ಪಂಡಿತನಿದ್ದ. ರಾಜನಿಗೆ ಬರುವ ಅರ್ಜಿಯೆಲ್ಲ ಮೊದಲು ಅವನ ಕೈಗೆ ಹೋಗಬೇಕು. ಬರಹದಲ್ಲಿ ಒಂದು ತಪ್ಪು ಸಿಕ್ಕರೆ ಸಾಕು, ಅರ್ಜಿ ವಾಪಸ್. ಅವನ ಮುದ್ರೆ ಬೀಳದೆ ರಾಜನೂ ಓದುವ ಹಾಗಿಲ್ಲ.

ಅಲ್ಲಿನ ದೊಡ್ಡ ಕೆರೆಗೆ ದ್ಯಾವೀರಮ್ಮ ನೀರಗಂಟಿ. ತೂಬು ಎತ್ತುವುದು, ಇಳಿಸುವುದು ಅವಳೊಬ್ಬಳ ಹಕ್ಕು. ರಾಜನೇ ಬಂದರೂ ತೂಬಿಗೆ ಕೈ ಹಾಕುವಂತಿಲ್ಲ, ಅದು ಹಿಂದಿನಿಂದ ಬಂದ ಕಟ್ಟಳೆ.

ಒಂದು ಮಳೆಗಾಲ ಕೆರೆ ತುಂಬಿತು. ಏರಿಯಲ್ಲಿ ಬೆರಳು ತೂರುವಷ್ಟು ಬಿರುಕು! ಕೆಳಗೆ ಊರು, ಊರಲ್ಲಿ ಅವಳ ಮೊಮ್ಮಕ್ಕಳು. ದ್ಯಾವೀರಮ್ಮ ಓಡಿದಳು. ಏರಿಗೆ ಮಣ್ಣು ಹಾಕಲು ಆಳು ಕಳಿಸಿ ಅಂತ ಬರೆದುಕೊಟ್ಟಳು.

"ಇಲ್ಲಿ ದೀರ್ಘ ಬಿಟ್ಟಿದ್ದೀಯ" ಅಂದ ಪಂಡಿತ.

ಬಿರುಕು ಅಂಗೈ ಅಗಲ ಆಯಿತು. ಮತ್ತೆ ಓಡಿದಳು.

"ಇದು ಸಂತೆಮಾತು. ಗ್ರಂಥದ ಭಾಷೆಯಲ್ಲಿ ಬರೆದು ತಾ."

ಬಿರುಕಿನಲ್ಲಿ ಆಡಿನ ಮರಿ ನುಗ್ಗುವಂತಾಯಿತು. ಏದುಸಿರು ಬಿಡುತ್ತಾ ಮೂರನೇ ಸಲ ಬಂದಳು.

"ಕೊನೆಗೆ ಚುಕ್ಕಿ ಇಲ್ಲ."

"ಬುದ್ದೀ, ನಿಮ್ಮ ತಾತನೋರ ಓಲೆಗರೀಲಿ ದೀರ್ಘಾನೂ ಇರ್ಲಿಲ್ಲ, ಚುಕ್ಕೀನೂ ಇರ್ಲಿಲ್ಲ. ಆಗ ಅರ್ಥ ಆಗ್ತಿರ್ಲಿಲ್ವಾ?"

"ಆಗಿನ ಕಾಲ ಬೇರೆ."

"ಕಾಲ ಬದಲಾಗೋದು ನಿಮ್ಮನೇಗೆ ಮಾತ್ರಾನಾ?"

ಪಂಡಿತ ಬಾಗಿಲು ಹಾಕಿಕೊಂಡ. ಹೇಳುವಾಗಲೇ ನನಗೆ ಮೈ ಉರಿಯುತ್ತೆ!

ದ್ಯಾವೀರಮ್ಮ ಸೀದಾ ಕೆರೆಗೆ ಬಂದು ತೂಬು ಪೂರ್ತಿ ಎತ್ತಿದಳು. ಏರಿಯ ಮೇಲಿನ ಭಾರ ಇಳಿಯಬೇಕಲ್ಲ? ನೀರು ಕಾಲುವೆ ಹಿಡಿದು ನುಗ್ಗಿತು. ಆ ಕಾಲುವೆ ಒತ್ತರಿಸಿ ಬಾಳೆ ಹಾಕಿದ್ದವನು ಯಾರು ಗೊತ್ತೆ? ವಾಗೀಶಯ್ಯನೇ!

ತೂಬು ಮುಚ್ಚಬೇಕೆಂದು ಪಂಡಿತ ಮುದ್ದಾದ ಅಕ್ಷರದಲ್ಲಿ ಓಲೆ ಕಳಿಸಿದ. ದ್ಯಾವೀರಮ್ಮ ಅದನ್ನು ಹಿಂದಕ್ಕೆ ಅಟ್ಟಿದಳು. "ತೂಬಿನ ಹತ್ರ ಬರಹ ನಡೆಯಲ್ಲ. ಬಂದು ಬಾಯಲ್ಲಿ ಹೇಳ್ಲಿ."

ಪಂಡಿತ ಪಂಚೆ ಎತ್ತಿಕೊಂಡು ಓಡಿಬಂದ. "ಅಯ್ಯೋ, ಬಾಳೆಯೆಲ್ಲ ಕೊಚ್ಕೊಂಡ್ ಹೋಗ್ತಿದೆ ಕಣಮ್ಮಾ! ಮುಚ್ಚಮ್ಮಾ!"

"ಈಗ ಅರ್ಥ ಆಯ್ತು ಬುದ್ದಿ. ಏರಿ ಕಟ್ಟಿಸಿ, ಮುಚ್ತೀನಿ."

ಬೇರೆ ದಾರಿ ಎಲ್ಲಿದೆ? ಸೊಂಟದ ಮುದ್ರೆ ತೆಗೆದು, ಚುಕ್ಕಿಯಿಲ್ಲದ ಆ ಅರ್ಜಿಯ ಮೇಲೇ ಒತ್ತಿದ. ರಾಜ ಓದಿದ, ನೂರು ಆಳುಗಳೊಂದಿಗೆ ತಾನೇ ಬಂದ.

"ಇದನ್ನ ಯಾವತ್ತು ಬರೆದೆಯಮ್ಮ?" ಅಂತ ಕೇಳಿದ.

"ಮೊದಲ್ನೇ ಸಲ ಬರೆದು ಮೂರು ದಿನ ಆಯ್ತು ಬುದ್ದಿ. ಮೂರು ಸಲಾನೂ ವಾಪಸ್ ಬಂತು."

ರಾಜ ಪಂಡಿತನ ಕೈಯಿಂದ ಮುದ್ರೆ ಕಿತ್ತುಕೊಂಡು ಅವನ ತಲೆಯ ಮೇಲೆ ಮಣ್ಣು ತುಂಬಿದ ಮಂಕರಿ ಇಟ್ಟ. ಏರಿ ಗಟ್ಟಿಯಾಗುವ ತನಕ ವಾಗೀಶಯ್ಯ ಎಲ್ಲರ ಜೊತೆ ಮಣ್ಣು ಹೊತ್ತ. ಊರು ಉಳಿಯಿತು.

ಭಾಷೆ ತಿದ್ದುವುದಕ್ಕೆ ನಾಳೆಯೂ ಇದೆ ಮಕ್ಕಳೇ. ಕಷ್ಟ ಹೇಳಿಕೊಂಡು ಬಂದವರ ಮಾತು ಮೊದಲು ಕೇಳಿ, ತಪ್ಪು ಆಮೇಲೆ ಹುಡುಕಿ.