ಕೆಂಬೂತಜ್ಜಿಗೆ ಕೊಡದ ಬುತ್ತಿ

ಕೆರೆ ಏರಿಯ ಬುಡದಲ್ಲಿ ಒಬ್ಬ ಹೆಗ್ಗಣರಾಯನಿದ್ದ. ಅವನ ಬಿಲದ ತುಂಬ ರಾಗಿ. ಒಂದು ದಿನ ಮುದಿ ಕೆಂಬೂತಜ್ಜಿ ಬಾಗಿಲಿಗೆ ಬಂದಳು.

"ರಾಯರೇ, ಈ ಸೀಮೆಯ ಮರಿಗಳನ್ನೆಲ್ಲ ಕಾಡು ಸುತ್ತಿಸಿ ಗಿಡ, ಹುಳ, ಹಣ್ಣುಗಳ ಗುರುತು ಕಲಿಸಬೇಕೆಂದಿದ್ದೇನೆ. ನಾಲ್ಕು ದಿನದ ಬುತ್ತಿಗೆ ರಾಗಿ ಕೊಡಿ. ನಿಮ್ಮ ಮಗಳನ್ನೂ ಕಳಿಸಿ."

"ಕಾಡು ಅಲೆಯುವುದೂ ಒಂದು ವಿದ್ಯೆಯೇ? ನನ್ನ ಮಗಳು ಹೊಸ್ತಿಲು ದಾಟಿದವಳಲ್ಲ. ದಾಟುವ ಕರ್ಮವೂ ಅವಳಿಗಿಲ್ಲ," ಎಂದು ಹೆಗ್ಗಣ ಒಂದು ಕಾಳನ್ನೂ ಕೊಡದೆ ಕಳಿಸಿದ. ಗುಬ್ಬಿ, ಮೊಲ, ಅಳಿಲುಗಳು ತಮ್ಮ ಊಟದಲ್ಲೇ ಪಾಲು ತೆಗೆದುಕೊಟ್ಟವು. ಅವುಗಳ ಮರಿಗಳು ಕಾಡು ಸುತ್ತಿಬಂದವು.

ಆ ಚಳಿಗಾಲದಲ್ಲಿ ಅಕಾಲ ಮಳೆ ಸುರಿದು ಬಿಲಕ್ಕೆ ನೀರು ನುಗ್ಗಿತು. ರಾಗಿಯೆಲ್ಲ ಕೊಚ್ಚಿಹೋಯಿತು. ಹೆಗ್ಗಣ ಮಗಳನ್ನು ಕರೆದುಕೊಂಡು ಹೇಗೋ ಹೊರಗೆ ಬಂದ. ಹಸಿದ ಮಗಳು ಬೇಲಿಯಲ್ಲಿ ಹೊಳೆಯುವ ಕೆಂಪು ಕಾಳು ಕಂಡು, "ಅಪ್ಪಾ, ಇದನ್ನು ತಿನ್ನಲೇ?" ಎಂದಳು.

ಹೆಗ್ಗಣನಿಗೂ ಅದೇನೆಂದು ಗೊತ್ತಿರಲಿಲ್ಲ. "ತಿನ್ನು ಮಗಳೇ," ಎಂದ. ಅವಳು ಬಾಯಿಗೆ ಹಾಕಿಕೊಂಡಳು.

"ಕಚ್ಚಬೇಡ, ಉಗಿ!" ಎಂದು ಮೊಲದ ಮರಿಯೊಂದು ಓಡಿಬಂತು. "ಅದು ಗುಲಗಂಜಿ, ವಿಷ. ಕೆಂಬೂತಜ್ಜಿ ನಮಗೆಲ್ಲ ತೋರಿಸಿಕೊಟ್ಟಿದ್ದಾರೆ. ಬಾ, ಬೋರೆಹಣ್ಣು ಇರುವಲ್ಲಿಗೆ ಕರೆದೊಯ್ಯುತ್ತೇನೆ."

ಮಗಳು ಕಾಳನ್ನು ಉಗಿದು ಅಪ್ಪನತ್ತ ತಿರುಗಿದಳು. "ಅಜ್ಜಿ ನನ್ನನ್ನು ಯಾಕಪ್ಪಾ ಕರೆಯಲಿಲ್ಲ?"

"ಕರೆದಿದ್ದರು, ಮಗಳೇ. ನಾನೇ ಕಳಿಸಲಿಲ್ಲ," ಎಂದ ಹೆಗ್ಗಣ.

ಮೊಲದ ಮರಿ ಮುಂದೆ ನಡೆಯಿತು, ಅದರ ಹಿಂದೆ ಮಗಳು. ತಲೆ ತಗ್ಗಿಸಿಕೊಂಡು ಎಲ್ಲರಿಗಿಂತ ಹಿಂದೆ ಹೆಗ್ಗಣರಾಯ.