ರೊಟ್ಟಿ ಕೇಂದ್ರಕ್ಕೆ ನಕ್ಷೆ ಹಾಕಿದ ಚನ್ನಮಲ್ಲ

ಗದಗಿನ ಕಡೆ ಒಬ್ಬ ಶಾವಂತ್ರವ್ವ ಇದ್ದಳು, ಅವಳಿಗೊಬ್ಬ ಮಗ ಇದ್ದ, ಹೆಸರು ಚನ್ನಮಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಕೇಳಲು ಎಷ್ಟು ಚೆಂದ, ಅಲ್ಲವೇ? ಹೆತ್ತವಳನ್ನು ಕೇಳಿ. ಹಾಲಿನ ಮೇಲೆ ಕಣ್ಣಿಡು ಅಂದರೆ ಅದು ಉಕ್ಕಿ ಒಲೆ ಆರುವ ತನಕ ಕಣ್ಣಿಟ್ಟುಕೊಂಡೇ ಕೂತಿರುವ ಆಸಾಮಿ.

ಶಾವಂತ್ರವ್ವನದು ರೊಟ್ಟಿ ಕೇಂದ್ರ. ಒಳಕೋಣೆಯಲ್ಲಿ ನೀಲವ್ವ ಕಡಕ್ ರೊಟ್ಟಿ ಬಡಿಯುತ್ತಿದ್ದಳು. ತಗಡಿನ ಗೋಡೆಯ ಈಚೆ ಕಾಶವ್ವ ಪ್ಯಾಕೆಟ್ ಕಟ್ಟುತ್ತಿದ್ದಳು. ಇಬ್ಬರೂ ಮಾತು ಬಿಟ್ಟಿದ್ದರು. ಬಂದು ಒಯ್ಯಲಿ ಅಂತ ಅವಳು, ತಂದು ಕೊಡಲಿ ಅಂತ ಇವಳು. ಒಳಗೆ ರೊಟ್ಟಿ ರಾಶಿ ಬಿದ್ದು ಮುರಿಯುತ್ತಿತ್ತು, ಹೊರಗೆ ಗಿರಾಕಿ ಬರಿಗೈಯಲ್ಲಿ ಹೋಗುತ್ತಿದ್ದ. ಇಂಥದರಲ್ಲಿ ಶಾವಂತ್ರವ್ವ ದೊಡ್ಡದೊಂದು ಮದುವೆಗೆ ರೊಟ್ಟಿ ಒಪ್ಪಿಕೊಂಡಿದ್ದಳು. ಅದು ಕೆಟ್ಟರೆ ಕೇಂದ್ರಕ್ಕೆ ಬೀಗವೇ ಗತಿ.

ಊರಿಗೆ ಸುಮಂಗಲಾ ಮೇಡಂ ಅನ್ನುವವರು ಬಂದು ಸಣ್ಣ ವ್ಯಾಪಾರಸ್ಥರಿಗೆ ಎಂಥದೋ ಹೊಸ ವಿದ್ಯೆ ಕಲಿಸುತ್ತಾರೆ ಅಂತ ಸುದ್ದಿಯಾಯಿತು. ಒಲೆ ಬಿಟ್ಟು ಏಳಲಾಗದ ಶಾವಂತ್ರವ್ವ ಮಗನನ್ನೇ ಕಳಿಸಿದಳು. ಕಲಿತು ಬಂದ.

"ಯವ್ವಾ, ಅದಕ್ಕ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂತಾರ. ಮನಿ ಕಟ್ಟೂ ಮುಂಚೆ ನಕ್ಷಾ ಹಾಕ್ತೀವಲ್ಲ, ಹಂಗ ಇಡೀ ವ್ಯವಹಾರಕ್ಕೂ ನಕ್ಷಾ ಹಾಕಬೇಕಂತ."

"ಹಾಕಪಾ ಮತ್ತ."

ಹಾಕಿದ. ಜೋಳದ ಹಿಟ್ಟು ತಗೊಂಡು ನೆಲದ ತುಂಬ ಅಡುಗೆಮನೆ, ಬಚ್ಚಲು, ಕಿಟಕಿ ಎಲ್ಲ ಬರೆದ. ಅವತ್ತಿನ ಹಿಟ್ಟು ಅಲ್ಲಿಗೆ ಮುಗಿಯಿತು.

"ಮನೀದಲ್ಲೋ ಮೂಳಾ, ಕೆಲಸದ್ದು! ರೊಟ್ಟಿ ಎಲ್ಲಿಂದ ಎಲ್ಲಿಗೆ ಹೋಗ್ತದ, ಅದರ ಬೆನ್ನ ಹತ್ತಿ ನೋಡು."

ಬೆನ್ನು ಹತ್ತಿದ. ಮಾಸ್ತರರ ಹೆಂಡತಿ ಒಂದು ಪ್ಯಾಕೆಟ್ ಒಯ್ದರು, ಇವನೂ ಹೋದ. ರೊಟ್ಟಿ ತಾಟಿಗೆ ಬಂತು, ನೋಡಿದ. ಮಾಸ್ತರರ ಬಾಯಿಗೆ ಹೋಯಿತು, ಬಗ್ಗಿ ನೋಡಿದ. "ಇನ್ನ ಮುಂದ ಎಲ್ಲಿಗೆ ಹೋಗ್ತದ್ರೀ ಸರ?" ಅಂತ ಕೇಳಿ ಅಲ್ಲೇ ಕಾದು ಕೂತ. ಮಾಸ್ತರರು ಕತ್ತು ಹಿಡಿದು ಹೊರಗೆ ದಬ್ಬಿದರು.

"ಹೊಸ್ತಿಲಾ ದಾಟಬ್ಯಾಡೋ," ಅಂದಳು ತಾಯಿ. "ನಮ್ಮವರ ಕಡೆ ನೋಡು. ನೀಲವ್ವನ ಬಿಟ್ಟು ಕಾಶವ್ವ ಇಲ್ಲ, ಕಾಶವ್ವನ ಬಿಟ್ಟು ನೀಲವ್ವ ಇಲ್ಲ. ಇಬ್ಬರ ಕೆಲಸಾನೂ ಒಂದಕ್ಕೊಂದು ಗಂಟ ಹಾಕಿ ತೋರಿಸು."

ಮಧ್ಯಾಹ್ನ ಇಬ್ಬರೂ ಹಿತ್ತಿಲಲ್ಲಿ ಬೆನ್ನಿಗೆ ಬೆನ್ನು ಹಾಕಿ ಉಣ್ಣುತ್ತಿದ್ದರು. ಚನ್ನಮಲ್ಲ ಮೆಲ್ಲಗೆ ಹೋಗಿ ಇಬ್ಬರ ಸೆರಗನ್ನೂ ಮದುಮಕ್ಕಳಿಗೆ ಹಾಕುವ ಹಾಗೆ ಗಂಟು ಹಾಕಿದ. ನೀಲವ್ವ ಕೈ ತೊಳೆಯಲು ಎದ್ದಳು, ಕಾಶವ್ವ ತಾಟಿನ ಸಮೇತ ಮಗುಚಿದಳು. ಇದ್ದ ಜಗಳ ಇಮ್ಮಡಿಯಾಯಿತು. ಬೆಳಗಾದರೆ ಮದುವೆ ರೊಟ್ಟಿ ಹೋಗಬೇಕು, ಇವರು ಮುಖ ತಿರುಗಿಸಿ ಒಬ್ಬೊಬ್ಬರು ಒಂದೊಂದು ಕೋಣೆ ಸೇರಿದರು. ಶಾವಂತ್ರವ್ವ ಅತ್ತೇಬಿಟ್ಟಳು. ಸುದ್ದಿ ಕೇಳಿ ಸುಮಂಗಲಾ ಮೇಡಂ ತಾವೇ ಓಡಿ ಬಂದರು.

"ನಕ್ಷೆ ಆಮೇಲೆ ನೋಡೋಣ ಶಾವಂತ್ರವ್ವಾರ. ಮೊದಲ ಇವರಿಬ್ಬರ ನಡುವಿನ ಗೋಡೆ ಒಡೀಬೇಕು."

"ಹೌದ್ರಿ. ಆದ್ರ ಯಾರು ಒಡೀಬೇಕ್ರಿ?"

ಕೇಳುವ ಮಾತೇ? ಚನ್ನಮಲ್ಲ ಆಗಲೇ ಹಾರೆ ಎತ್ತಿದ್ದ. ಧಡ್ ಅಂತ ಒಂದು ಏಟು, ಧಡ್ ಅಂತ ಇನ್ನೊಂದು. ಗೋಡೆಯ ತಗಡೆಲ್ಲ ನೆಲಕ್ಕುರುಳಿತು.

ಸದ್ದು ಅಡಗಿದ ಮೇಲೆ ಕಾಶವ್ವ ಆಚೆ ನೋಡಿದಳು. ಎದೆಮಟ್ಟ ರೊಟ್ಟಿ, ನೀಲವ್ವನ ಅಂಗೈ ತುಂಬ ಬೊಬ್ಬೆ. ನೀಲವ್ವ ಈಚೆ ನೋಡಿದಳು. ಖಾಲಿ ಪ್ಯಾಕೆಟ್ ಬಾಯಿ ಬಿಡಿಸಿಟ್ಟುಕೊಂಡು ಕಾಯುತ್ತಿದ್ದ ಕಾಶವ್ವ.

"ಇಷ್ಟೆಲ್ಲಾ ನೀ ಬಡದದ್ದಾ? ಕೈ ಏನ ಮಾಡ್ಕೊಂಡೀ ನೋಡು."

"ನೀ ಆರಾಮ ಕೂಡತೀ ಅಂತ ತಿಳದಿದ್ನಲ್ಲ ನಾ," ಅಂದಳು ನೀಲವ್ವ. ಅಂದು, ಒಂದು ಕಟ್ಟು ರೊಟ್ಟಿ ಎತ್ತಿ ನೀಡಿದಳು. ಕಾಶವ್ವ ಕೈ ಚಾಚಿ ಇಸಿದುಕೊಂಡಳು.

ಗೋಡೆ ಇದ್ದಲ್ಲಿ ಈಗ ಬರೀ ಒಂದು ಮಾರು ಜಾಗ. ಮದುವೆ ರೊಟ್ಟಿ ಒಂದೂ ಮುರಿಯದೆ, ಹೇಳಿದ ಹೊತ್ತಿಗೆ ಗಾಡಿ ಏರಿತು. ಬೀಗರು ಚಪ್ಪರಿಸಿಕೊಂಡು ಉಂಡರು. ಉಂಡವರ ಮನೆಗಳಿಂದೆಲ್ಲ ಬೇಡಿಕೆ ಬಂತು. ಶಾವಂತ್ರವ್ವನ ಹೆಸರು ಊರ ತುಂಬ ಆಯಿತು.

"ನಾನು ಇಷ್ಟು ವರ್ಷ ಹಲಗೆ ಮೇಲೆ ಬರೆದು ತೋರಿಸಿದ್ದನ್ನ ನಿಮ್ಮ ಮಗ ಮಾಡಿ ತೋರಿಸಿದ," ಅಂದರು ಮೇಡಂ. "ಇನ್ನೊಂದೇ ಮಾತು. ಗಿರಾಕಿಗೆ ನಿಮ್ಮ ಬಾಗಿಲು ಯಾವತ್ತೂ ಮುಚ್ಚಬಾರದು."

ಶಾವಂತ್ರವ್ವ ಗಾಬರಿಯಾಗಿ ಮಗ ಎಲ್ಲಿ ಅಂತ ಹುಡುಕಿದಳು. ಬಾಗಿಲು ಕಿತ್ತು ತಲೆಯ ಮೇಲೆ ಹೊತ್ತು ನಿಂತಿದ್ದ.

"ಇನ್ನ ಮುಚ್ಚಾಕ ಬರಂಗಿಲ್ಲ ತಗೋ ಯವ್ವಾ."

ಎಲ್ಲರೂ ಬೈಗುಳ ಕಾದರು. ಅವಳು ಬಾಗಿಲನ್ನು ತಟ್ಟಿ ನೋಡಿದಳು, ಗಟ್ಟಿ ಸಾಗವಾನಿ. ಬೀದಿಯಲ್ಲಿ ಪೀಪಾಯಿ ನಿಲ್ಲಿಸಿ, ಅದರ ಮೇಲೆ ಬಾಗಿಲು ಅಡ್ಡ ಹಾಕಿ, ರೊಟ್ಟಿ ಜೋಡಿಸಿದಳು. "ಇಲ್ಲೇ ನಿಂದರು. ಗಿರಾಕಿ ಹಿಡಿ," ಅಂದಳು.

ಅಂದಳಲ್ಲ, ಆಯಿತು. ಮೊದಲು ಆ ದಾರಿಯಲ್ಲಿ ಬಂದವರು ಊರಿನ ಫೌಜದಾರರು. ಚನ್ನಮಲ್ಲ ಹಿಂದಿನಿಂದ ಹೋಗಿ ಅವರನ್ನು ಟೊಪ್ಪಿಗೆ, ಲಾಠಿ ಸಮೇತ ತೆಕ್ಕೆಯಲ್ಲಿ ಹಿಡಿದ.

"ಯವ್ವಾ, ಹಿಡದೇನಿ!"

"ಬಿಡಲೇ," ಅಂದರು ಫೌಜದಾರರು. ಬಿಡಲಿಲ್ಲ. ತಾಯಿ ಹಿಡಿ ಅಂದಿದ್ದಳೇ ಹೊರತು ಬಿಡು ಅಂದಿರಲಿಲ್ಲ. ಒದ್ದಾಡಿದರು, ಗದರಿದರು, ಕೊನೆಗೆ ನಗು ತಡೆಯಲಾರದೆ ಇಡೀ ಠಾಣೆಗೆ ಆಗುವಷ್ಟು ರೊಟ್ಟಿ ಕಟ್ಟಿಸಿದರು.

ಆವತ್ತು ಶಾವಂತ್ರವ್ವ ಮಗನನ್ನು ಬೈಯಲಿಲ್ಲ. ಫೌಜದಾರರಿಗೆ ಪ್ಯಾಕೆಟ್ ಕೊಟ್ಟಳು, ಸೆರಗು ಸೊಂಟಕ್ಕೆ ಸಿಗಿಸಿದಳು, ಬೀದಿಯ ಆ ತುದಿಗೆ ಕೈ ತೋರಿಸಿದಳು.

"ಅವರನ್ನ ಬಿಡು ಮಗನ. ಅಗಾ, ಅಲ್ಲೊಬ್ಬರು ಬರಾಕತ್ತಾರ, ಹಿಡಿ."